ಹ್ಯೂಸ್ಟನ್‌ನ ತೈಲ ಕಂಪನಿಯ ‘ಲೋ ಕಾರ್ಬನ್’ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಸೇರಿಕೊಂಡು ಒಳಗಿನಿಂದ ಬದಲಾವಣೆ ತರಬಹುದಾ?

ನಿಮ್ಮ ಪತ್ರದಲ್ಲಿದ್ದದ್ದು ಎಚ್-1ಬಿ ವೀಸಾ (ಕಂಪನಿ ಅರ್ಜಿ ಹಾಕಿ ಕೊಡಿಸುವ ಅಮೆರಿಕದ ಕೆಲಸದ ವೀಸಾ), ಹ್ಯೂಸ್ಟನ್, ‘ಒಳಗಿದ್ದರೆ ನಾಲ್ಕು ಜನಕ್ಕೆ ತಿಳಿಸಿ ಹೇಳಬಹುದಲ್ಲ’ ಅನ್ನುವ ಮಾತು. ಓದಿದ ಕೂಡಲೇ ಇದು ನಾನೇ ಕೇಳಿದ ಪ್ರಶ್ನೆ ಅನ್ನಿಸಿತು. ನಮ್ಮಪ್ಪನಿಗೆ ಫೋನಿನಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದೆ. ಚಿಕ್ಕ ಉತ್ತರ ಬೇಕಾದರೆ: ಆಗಲ್ಲ. ಯಾಕೆ ಅಂತ ಬೇಕಾದರೆ 2009ರ ಕಥೆ ಕೇಳಬೇಕು.

ದಾವಣಗೆರೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಟೆಕ್ಸಾಸ್‌ನಲ್ಲಿ ಎಂ.ಎಸ್. ಮುಗಿಸಿ, ಒಂದು ರಿಫೈನಿಂಗ್ ಕಂಪನಿಯ ಪ್ಲಾನಿಂಗ್ ವಿಭಾಗ ಸೇರಿದ್ದೆ. ಹೆಸರು ಬೇಡ. ಯಾವ ಕಚ್ಚಾ ತೈಲ ಕೊಂಡರೆ ಗಿಟ್ಟುತ್ತದೆ, ಈ ತಿಂಗಳು ಡೀಸೆಲ್ ಜಾಸ್ತಿ ತೆಗೆಯಬೇಕಾ ಪೆಟ್ರೋಲ್ ಜಾಸ್ತಿ ತೆಗೆಯಬೇಕಾ, ಇದನ್ನೆಲ್ಲ ಎಲ್‌ಪಿ ಮಾಡೆಲ್‌ಗೆ (ಇರುವ ಮಿತಿಗಳೊಳಗೆ ಯಾವುದು ಹೆಚ್ಚು ಲಾಭ ಅಂತ ಹುಡುಕುವ ಗಣಿತದ ಲೆಕ್ಕ) ಹಾಕಿ ನೋಡುವುದು ಕೆಲಸ. ನಮ್ಮ ಗುಂಪಿನಲ್ಲಿ ಹವಾಮಾನ ಬದಲಾವಣೆ ಸುಳ್ಳು ಅನ್ನುವವರು ಒಬ್ಬರೂ ಇರಲಿಲ್ಲ. ನಿಮಗೂ ಇಂಟರ್‌ವ್ಯೂನಲ್ಲಿ ಸಿಕ್ಕವರು ತಿಳಿದವರು, ಒಳ್ಳೆಯವರು ಅನ್ನಿಸಿರಬೇಕು. ನಿಜಕ್ಕೂ ಹಾಗೇ ಇರುತ್ತಾರೆ.

2009ರ ಜೂನ್ 26ಕ್ಕೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ವ್ಯಾಕ್ಸ್‌ಮನ್-ಮಾರ್ಕಿ ಮಸೂದೆ 219–212 ಮತಗಳಲ್ಲಿ ಪಾಸಾಯಿತು. ದೇಶದ ಒಟ್ಟು ಕಾರ್ಬನ್ ಹೊಗೆಗೆ ಒಂದು ಮಿತಿ. ಆ ಮಿತಿಯೊಳಗೆ ಪರ್ಮಿಟ್‌ಗಳು. ಬೇಕಾದವರು ಕೊಳ್ಳಬಹುದು, ತಮ್ಮ ಹತ್ತಿರ ಮಿಕ್ಕಿದ್ದವರು ಮಾರಬಹುದು. ಶುರುವಿನಲ್ಲಿ ಸುಮಾರು 85% ಪರ್ಮಿಟ್ ಪುಕ್ಕಟೆ ಹಂಚುವುದು ಅಂತ ಇತ್ತು. ಅದರಲ್ಲಿ ವಿದ್ಯುತ್ ಕಂಪನಿಗಳು ದೊಡ್ಡ ಪಾಲು ಹೊಡೆದುಕೊಂಡವು. ರಿಫೈನರಿಗಳಿಗೆ ಬಂದದ್ದು 2%ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಮ್ಮ ಕಡೆ ಕುದಿಯುತ್ತಿದ್ದರು. ಇನ್ನು ಉಳಿದಿದ್ದದ್ದು ಮೇಲ್ಮನೆ, ಅಂದರೆ ಸೆನೆಟ್.

ಜುಲೈನಲ್ಲಿ ಮ್ಯಾನೇಜರ್ ನನ್ನ ಡೆಸ್ಕ್ ಹತ್ತಿರ ಬಂದು, ‘ಇದು ಕಾನೂನಾದರೆ ನಮ್ಮ ರಿಫೈನರಿಗೆ ಎಷ್ಟು ಹೊಡೆತ, ವರ್ಸ್ಟ್ ಕೇಸ್ ಹಾಕಿ ಕೊಡು’ ಅಂದರು. ನನ್ನ ತಪ್ಪು ಇಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆ ಇರಲಿ.

ಆ ಮಸೂದೆ ಪ್ರಕಾರ ರಿಫೈನರಿ ತನ್ನ ಚಿಮಣಿಯ ಹೊಗೆಗೆ ಪರ್ಮಿಟ್ ತೋರಿಸಿದರೆ ಸಾಲದು. ತಾನು ಮಾರಿದ ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಉರಿದು ಬಿಡುವ ಹೊಗೆಗೂ ತೋರಿಸಬೇಕು. ಗಾಡಿಗಳ ಹೊಗೆ ಚಿಮಣಿಯ ಹೊಗೆಗಿಂತ ಹಲವು ಪಟ್ಟು ಜಾಸ್ತಿ. ಮೇಲ್ನೋಟಕ್ಕೆ ಕಂಪನಿ ದಿವಾಳಿ ಅಂತಲೇ ಕಾಣುತ್ತದೆ. ಆದರೆ ಆ ಖರ್ಚನ್ನು ಯಾವ ರಿಫೈನರಿಯೂ ತನ್ನ ಜೇಬಿನಿಂದ ಕೊಡುವುದಿಲ್ಲ. ಎಲ್ಲರಿಗೂ ಒಂದೇ ಖರ್ಚು ಬರುವುದರಿಂದ ಎಲ್ಲರೂ ಅದನ್ನು ಬಂಕಿನ ಬೆಲೆಗೆ ಸೇರಿಸುತ್ತಾರೆ. ಆಗ ಬಂಕಿನಲ್ಲಿ ಎಷ್ಟು ಏರುತ್ತದೆ? ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ಅಂದಾಜಿನಲ್ಲಿ ಪರ್ಮಿಟ್ ಬೆಲೆ 2015ಕ್ಕೆ ಟನ್‌ಗೆ 13 ಡಾಲರ್. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ ಸುಮಾರು 8.9 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಗುಣಿಸಿ ನೋಡಿ, ಗ್ಯಾಲನ್‌ಗೆ 12 ಸೆಂಟ್ ಕೂಡ ಆಗಲ್ಲ. ಹಿಂದಿನ ವರ್ಷವಷ್ಟೇ ಅದೇ ಬೆಲೆ ಬೇಸಿಗೆಯಲ್ಲಿ 4 ಡಾಲರ್ ದಾಟಿ, ಡಿಸೆಂಬರ್ ಹೊತ್ತಿಗೆ 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬೆಲೆಗೆ ಒಂದು ಸೆಂಟೂ ಸೇರಿಸೋಕೆ ಆಗಲ್ಲ, ಪುಕ್ಕಟೆ ಪರ್ಮಿಟ್ ಒಂದೂ ಸಿಗಲ್ಲ ಅಂತ ಹಿಡಿದು ಲೆಕ್ಕ ಹಾಕಿದೆ. ಕೇಳಿದ್ದು ವರ್ಸ್ಟ್ ಕೇಸ್ ಅಲ್ವಾ. ಸ್ಥಾವರಕ್ಕೆ ಬೀಗ ಹಾಕಬೇಕಾಗುವಂಥ ಮೊತ್ತ ಬಂತು. ಪಕ್ಕದಲ್ಲೇ ‘ನಡೆಯಬಹುದಾದ ಕೇಸ್’ ಅಂತ ಇನ್ನೊಂದು ಕಾಲಂ ಹಾಕುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಯಾರೂ ಕೇಳಿರಲಿಲ್ಲ, ಹಾಕಲಿಲ್ಲ. ಯಾವ ಯಾವ ಊಹೆ ಮಾಡಿದ್ದೇನೆ ಅಂತ ಎಕ್ಸೆಲ್‌ನ ಎರಡನೇ ಶೀಟ್‌ನಲ್ಲಿ ಒಂದೊಂದೂ ಬರೆದಿಟ್ಟೆ. ಬರೆದಿದ್ದೇನಲ್ಲ, ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡೆ. ಎರಡನೇ ಶೀಟ್ ಯಾವತ್ತೂ ಮೀಟಿಂಗಿಗೆ ಹೋಗುವುದಿಲ್ಲ ಅನ್ನುವ ಅಂದಾಜು ನನಗಿರಲಿಲ್ಲ. ಮೇಲಕ್ಕೆ ಹೋಗುವುದು ಒಂದು ಸ್ಲೈಡ್. ಆ ಸ್ಲೈಡಿನಲ್ಲಿ ಜಾಗ ಇರುವುದು ಒಂದು ಅಂಕಿಗೆ, ಕೆಳಗೆ ‘ತಯಾರಿಸಿದವರು’ ಅಂತ ಒಂದು ಹೆಸರಿಗೆ.

ಆಗಸ್ಟ್‌ನಲ್ಲಿ ಕಂಪನಿಯಿಂದ ಎಲ್ಲರಿಗೂ ಮೇಲ್ ಬಂತು. ಮಸೂದೆ ವಿರುದ್ಧ ಡೌನ್‌ಟೌನ್‌ನಲ್ಲಿ ರ‍್ಯಾಲಿ ಇದೆ, ಬಸ್ ವ್ಯವಸ್ಥೆ ಇದೆ, ಬನ್ನಿ. ಆ ಮೇಲ್‌ನಲ್ಲಿ ನನ್ನ ಅಂಕಿ ದಪ್ಪಕ್ಷರದಲ್ಲಿ ಕೂತಿತ್ತು. ‘ಇಷ್ಟು ನಷ್ಟ ಆಗಬಹುದು’ ಅಂತಲೂ ಇರಲಿಲ್ಲ, ‘ಆಗುತ್ತದೆ’ ಅಂತ ಇತ್ತು.

ಹೋದೆ. ಹೋಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೂ ಹೋದೆ. ಆಗಸ್ಟ್ 18, ಮಂಗಳವಾರ, ಮಧ್ಯಾಹ್ನ ಊಟದ ಹೊತ್ತು. ಥಿಯೇಟರ್ ಭರ್ತಿ. ಎಲ್ಲಿ ನೋಡಿದರೂ ಉದ್ಯೋಗ ಉಳಿಸಿ ಅನ್ನುವ ಹಳದಿ ಟೀ ಶರ್ಟ್. ರೋಡಿಯೋ ಕಾಮೆಂಟರಿ ಹೇಳುವವರೊಬ್ಬರು ನಿರೂಪಕರು. ಸುತ್ತ ಇದ್ದವರಲ್ಲಿ ಎಷ್ಟೋ ಜನ ನನ್ನ ಹಾಗೇ ಆಫೀಸ್ ಬಸ್ಸಿನಲ್ಲಿ ಬಂದವರು. ಸಂಘಟನೆಯ ಹೆಸರು ‘ಎನರ್ಜಿ ಸಿಟಿಜನ್ಸ್’. ನನ್ನ ಹತ್ತಿರ ವೋಟೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಮಾರನೇ ದಿನ ಸುದ್ದಿಯಲ್ಲಿ ಜನರ ಆಕ್ರೋಶ ಅಂತ ಎಣಿಕೆಯಾದವರಲ್ಲಿ ನಾನೂ ಒಬ್ಬ.

ಅದರ ಹಿಂದೆ ಇದ್ದದ್ದು ತೈಲ ಕಂಪನಿಗಳ ಸಂಘ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. ಎಲ್ಲರೂ ಎಪಿಐ ಅನ್ನುತ್ತಾರೆ. ಅದರ ಮುಖ್ಯಸ್ಥ ಜ್ಯಾಕ್ ಜೆರಾರ್ಡ್ ಸದಸ್ಯ ಕಂಪನಿಗಳಿಗೆ ಬರೆದ ಪತ್ರ ಪರಿಸರ ಸಂಘಟನೆ ಗ್ರೀನ್‌ಪೀಸ್ ಕೈಗೆ ಸಿಕ್ಕು ಹೊರಬಿತ್ತು. ಸುಮಾರು 20 ರಾಜ್ಯಗಳಲ್ಲಿ ರ‍್ಯಾಲಿ ಮಾಡೋಣ, ಸೆನೆಟರ್‌ಗಳು ರಜೆಗೆ ಊರಿಗೆ ಬಂದಿರುವಾಗಲೇ ಮಾಡೋಣ, ನಿಮ್ಮ ನೌಕರರನ್ನು ಕಳಿಸಿ ಅನ್ನುವುದು ಅದರ ಸಾರ. ಕಲ್ಲಿದ್ದಲಿನವರದು ಇನ್ನೂ ಒಂದು ಕೈ ಮೇಲೆ. ಕಲ್ಲಿದ್ದಲು ಪರ ಒಕ್ಕೂಟಕ್ಕೆ ಗುತ್ತಿಗೆ ಮೇಲೆ ದುಡಿಯುತ್ತಿದ್ದ ಪ್ರಚಾರ ಕಂಪನಿಯೊಂದು ವರ್ಜೀನಿಯಾದ ಸಂಸದ ಟಾಮ್ ಪೆರಿಯೆಲ್ಲೊ ಅವರಿಗೆ ಕಪ್ಪು ಜನರ, ಲ್ಯಾಟಿನೋ ಜನರ ಸಂಘಗಳ ಲೆಟರ್‌ಹೆಡ್‌ನಲ್ಲಿ ಖೋಟಾ ಪತ್ರ ಕಳಿಸಿ ಸಿಕ್ಕಿಬಿತ್ತು. ಸೆನೆಟ್‌ನಲ್ಲಿ ಮಸೂದೆ ಮತಕ್ಕೇ ಬರಲಿಲ್ಲ. 2010ರ ಜುಲೈನಲ್ಲಿ ಕೈಬಿಟ್ಟರು.

ನಾನು ಬಾಯಿ ಬಿಟ್ಟೆನಾ? ಇಲ್ಲ. ಆ ಮೇಲ್ ನೋಡಿದ ದಿನವೇ ಮ್ಯಾನೇಜರ್ ಹತ್ತಿರ ಹೋಗಿ ‘ಎರಡನೇ ಶೀಟ್ ಬಿಟ್ಟು ಹೋಗಿದೆ’ ಅನ್ನಬಹುದಿತ್ತು. ಅದೇ ತಿಂಗಳು ನನ್ನ ಗ್ರೀನ್ ಕಾರ್ಡ್ ಅರ್ಜಿಯ ಕಾಗದ ಎಚ್‌ಆರ್ ಟೇಬಲ್ ಮೇಲಿತ್ತು. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಾವು ಕಲಿತದ್ದು ಬೇರೆ. ಒಳಗಿನಿಂದ ಬದಲಾವಣೆ ಅನ್ನುವ ಮಾತು ಎಚ್-1ಬಿ ಇರುವವನ ಬಾಯಲ್ಲಿ ಸುಮ್ನೆ ಮಾತು ಅಂತ ನಾನು ಹೇಳುವುದು ಇದಕ್ಕೇ. ಗ್ರೀನ್ ಕಾರ್ಡ್‌ಗೆ ಭಾರತದವರ ಸರತಿ ಎಷ್ಟು ಉದ್ದ ಅಂತ ನಿಮಗೂ ಗೊತ್ತು. ಅಷ್ಟು ವರ್ಷ ಕಂಪನಿ ನಿಮ್ಮನ್ನು ಹೆದರಿಸಬೇಕಾಗಿಯೇ ಇಲ್ಲ. ನೀವೇ ಹೆದರಿಕೊಂಡು ಸುಮ್ಮನಿರುತ್ತೀರಿ.

ದಂಡ ತೆತ್ತದ್ದು ಆಮೇಲೆ. ಕ್ಯಾಲಿಫೋರ್ನಿಯಾ ತನ್ನದೇ ಪರ್ಮಿಟ್ ವ್ಯವಸ್ಥೆ ಶುರು ಮಾಡಿದಾಗ ಅಲ್ಲಿನ ಸಲಹಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಹೋಗಿದ್ದೆ. ಬೇಕು ಬೇಕು ಅಂತ ಹಂಬಲಿಸಿದ್ದ ಕೆಲಸ. ಇಂಟರ್‌ವ್ಯೂ ಮಾಡಿದಾಕೆ ಲ್ಯಾಪ್‌ಟಾಪ್ ತಿರುಗಿಸಿ ನನ್ನದೇ ಸ್ಲೈಡ್ ತೋರಿಸಿದರು. ಯಾವುದೋ ಸಾರ್ವಜನಿಕ ಅಹವಾಲಿನ ಕಡತದಲ್ಲಿ ಅದು ಸೇರಿಹೋಗಿತ್ತು. ‘ಬೆಲೆಗೆ ಎಷ್ಟು ಭಾಗ ಸೇರುತ್ತೆ ಅಂತ ಹಿಡಿದಿದ್ದಿರಿ?’ ಅಂದರು. ‘ಸೊನ್ನೆ’ ಅಂದೆ. ‘ಅದನ್ನು ನೀವು ನಂಬಿದ್ದಿರಾ?’ ಅಂದರು. ಎರಡನೇ ಶೀಟ್ ಕಥೆ ಶುರು ಮಾಡಿದೆ, ನನ್ನ ಕಿವಿಗೇ ಸಬೂಬು ಥರ ಕೇಳಿಸಿತು. ಕೆಲಸ ಸಿಗಲಿಲ್ಲ. ಇನ್ನೂ ಹಲವು ವರ್ಷ ಹಳೇ ಕಂಪನಿಯಲ್ಲೇ ಕೂತೆ. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪೆಟ್ರೋಲ್ ಆ ವ್ಯವಸ್ಥೆಯೊಳಗೆ ಬಂತು. ಪರ್ಮಿಟ್ ಟನ್‌ಗೆ 12 ಡಾಲರ್ ಆಸುಪಾಸು, ಬಂಕಿನಲ್ಲಿ ಏರಿದ್ದು ಗ್ಯಾಲನ್‌ಗೆ ಸುಮಾರು 10 ಸೆಂಟ್.

ಈಗ ನಿಮ್ಮ ಪ್ರಶ್ನೆಗೆ. ಒಳಗೆ ತಿಳಿದವರು ಇದ್ದರೆ ಕಂಪನಿಯ ನಿಲುವು ಬದಲಾಗುತ್ತದೆ ಅಂತ ನೀವು ನಂಬಿದ್ದೀರಿ. ಈ ಪ್ರಯೋಗ ಆಗಲೇ ಆಗಿಹೋಗಿದೆ. ನಮಗಿಂತ ಎಷ್ಟೋ ಬುದ್ಧಿವಂತರು ಮಾಡಿ ನೋಡಿದ್ದಾರೆ. 1977ರಲ್ಲೇ ದೊಡ್ಡ ತೈಲ ಕಂಪನಿ ಎಕ್ಸಾನ್‌ನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತಮ್ಮ ಆಡಳಿತ ಮಂಡಳಿಗೆ ಭೂಮಿ ಬಿಸಿಯಾಗುವ ವಿಷಯ ವಿವರಿಸಿದ್ದರು. 1979ರಲ್ಲಿ ಒಂದು ತೈಲ ಟ್ಯಾಂಕರ್ ಹಡಗಿಗೇ ಉಪಕರಣ ಜೋಡಿಸಿ ಸಮುದ್ರದ ಕಾರ್ಬನ್ ಅಳೆದರು. ಆ ಕಾಲದ ಅವರ ಮುನ್ಸೂಚನೆಗಳನ್ನು 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ಪರೀಕ್ಷಿಸಿತು. 63ರಿಂದ 83% ಕರಾರುವಾಕ್ಕಾಗಿದ್ದವು. ಅದೇ ಎಕ್ಸಾನ್ 1989ರಲ್ಲಿ ಹುಟ್ಟಿದ ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್ ಅನ್ನುವ ಕೂಟದಲ್ಲಿತ್ತು. ಆ ಕೂಟದ ಕೆಲಸವೇ ವಿಜ್ಞಾನ ಇನ್ನೂ ಗಟ್ಟಿಯಾಗಿಲ್ಲ ಅಂತ ಹೇಳಿಕೊಂಡು ಓಡಾಡುವುದು.

ಆ ಕೂಟಕ್ಕೂ ಒಂದು ತಾಂತ್ರಿಕ ಸಮಿತಿ ಇತ್ತು. ಅಧ್ಯಕ್ಷರು ಮೊಬಿಲ್ ಕಂಪನಿಯ ಲಿಯೊನಾರ್ಡ್ ಬರ್ನ್‌ಸ್ಟೀನ್, ನಮ್ಮ ಹಾಗೇ ಕೆಮಿಕಲ್ ಎಂಜಿನಿಯರ್. ಹಸಿರುಮನೆ ಪರಿಣಾಮದ ವಿಜ್ಞಾನವನ್ನು ಅಲ್ಲಗಳೆಯೋಕೆ ಆಗಲ್ಲ ಅಂತ 1995ರಲ್ಲಿ ಆ ಸಮಿತಿ ನೇರವಾಗಿ ಬರೆಯಿತು. ಸಂಶಯ ಎತ್ತುವವರ ವಾದಗಳು ಯಾಕೆ ನಿಲ್ಲುವುದಿಲ್ಲ ಅಂತಲೂ ಒಂದು ಭಾಗ ಬರೆಯಿತು. ಮೇಲಿನವರು ಆ ಭಾಗವನ್ನು ಕೈಬಿಡಿ ಅಂದರು, ಕೈಬಿಟ್ಟರು. 2009ರ ಏಪ್ರಿಲ್‌ನಲ್ಲಿ ಇದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದಿತ್ತು. ನಾನು ಸ್ಪ್ರೆಡ್‌ಶೀಟ್ ಮಾಡುವುದಕ್ಕೆ ಮೂರು ತಿಂಗಳ ಮುಂಚೆ. ನಾನು ಓದಿರಲಿಲ್ಲ. ಓದಿದ್ದರೂ ಅದು ನನ್ನ ಕಥೆ ಅಂತ ಹೊಳೆಯುತ್ತಿತ್ತೋ ಇಲ್ಲವೋ.

ನೀತಿ ತೀರ್ಮಾನ ಆಗುವುದು ಲ್ಯಾಬ್‌ನಲ್ಲೂ ಅಲ್ಲ, ನಿಮ್ಮ ಲೋ ಕಾರ್ಬನ್ ವಿಭಾಗದಲ್ಲೂ ಅಲ್ಲ. ಅದಕ್ಕೆ ಗವರ್ನ್‌ಮೆಂಟ್ ಅಫೇರ್ಸ್ ಅಂತ, ಸರ್ಕಾರದ ಜೊತೆ ವ್ಯವಹರಿಸುವವರ ಬೇರೆ ಮಹಡಿ ಇದೆ. ಅದಕ್ಕಿಂತ ಹೆಚ್ಚಾಗಿ ಸಂಘಗಳಿವೆ. 2009ರ ಜನವರಿಯಲ್ಲಿ ಎಕ್ಸಾನ್‌ನ ಆಗಿನ ಮುಖ್ಯಸ್ಥ ರೆಕ್ಸ್ ಟಿಲ್ಲರ್‌ಸನ್ ಕಾರ್ಬನ್ ತೆರಿಗೆ ಒಳ್ಳೆಯದು ಅಂದರು. ಅದೇ ವರ್ಷ ಅವರದೇ ಸಂಘ ಎಪಿಐ ಪರ್ಮಿಟ್ ಮಸೂದೆ ವಿರುದ್ಧ ರ‍್ಯಾಲಿ ಮಾಡಿಸಿತು. ಕಂಪನಿ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಿಕೊಂಡು ಇರಬಹುದು, ಹೊಡೆದಾಡುವ ಕೆಲಸ ಸಂಘದ್ದು. 2021ರಲ್ಲಿ ಗ್ರೀನ್‌ಪೀಸ್‌ನವರು ಗುಟ್ಟಾಗಿ ಚಿತ್ರಿಸಿದ ವಿಡಿಯೋದಲ್ಲಿ ಎಕ್ಸಾನ್ ಲಾಬಿಗಾರ ಕೀತ್ ಮೆಕಾಯ್, ಕಾರ್ಬನ್ ತೆರಿಗೆಗೆ ನಮ್ಮ ಬೆಂಬಲ ಮಾತಿಗೆ ಅನುಕೂಲ, ಅದು ಜಾರಿಗೆ ಬರುವುದಿಲ್ಲ ಅಂತ ಬಾಯಿಬಿಟ್ಟಿದ್ದಾರೆ. ಅದು ನಮ್ಮ ನಿಲುವಲ್ಲ ಅಂತ ಕಂಪನಿ ಆಮೇಲೆ ಹೇಳಿತು, ಹೇಳಲೇಬೇಕಲ್ಲ.

ಲೋ ಕಾರ್ಬನ್ ವಿಭಾಗಗಳ ಆಯಸ್ಸನ್ನೂ ನೋಡಿ. 2009ರ ಜುಲೈನಲ್ಲಿ ಎಕ್ಸಾನ್ ಪಾಚಿಯಿಂದ ಇಂಧನ ತೆಗೆಯೋಕೆ 60 ಕೋಟಿ ಡಾಲರ್‌ವರೆಗೆ ಹಾಕುತ್ತೇವೆ ಅಂತ ಘೋಷಿಸಿತು. ಅದರ ಜಾಹೀರಾತು ಟಿವಿಯಲ್ಲಿ ನೋಡಿ ನೋಡಿ ಸಾಕಾಗಿತ್ತು. 2023ರ ಹೊತ್ತಿಗೆ ಅದರಿಂದ ಕೈತೊಳೆದುಕೊಂಡಿತು. ಬ್ರಿಟನ್ನಿನ ತೈಲ ಕಂಪನಿ ಬಿಪಿ 2030ರೊಳಗೆ ತೈಲ, ಅನಿಲ ಉತ್ಪಾದನೆ 40% ಇಳಿಸುತ್ತೇವೆ ಅಂತ 2020ರಲ್ಲಿ ಹೇಳಿ, 2023ರಲ್ಲಿ ಅದನ್ನು 25% ಮಾಡಿ, 2025ರಲ್ಲಿ ಆ ಗುರಿಯನ್ನೇ ಬಿಟ್ಟಿತು. ಆ ವಿಭಾಗಗಳಲ್ಲಿ ನಿಮ್ಮಂಥವರೇ ಇದ್ದದ್ದು.

ಸಂಬಳಕ್ಕೆ, ವೀಸಾಕ್ಕೆ, ಊರಿನ ಸಾಲಕ್ಕೆ ಅಂತ ಸೇರುವುದಾದರೆ ಸೇರಿ. ನಾನು ತಪ್ಪು ಅನ್ನಲ್ಲ, ನಾನೂ ಅದಕ್ಕೇ ಸೇರಿದ್ದು. ಹಾಗಾದರೆ ರಿಫೈನರಿ ಆಪರೇಷನ್ಸ್‌ಗೇ ಹೋಗಿ, ಕೆಲಸವಾದರೂ ಚೆನ್ನಾಗಿ ಕಲಿಯುತ್ತೀರಿ. ಭೂಮಿ ಉಳಿಸೋಕೆ ಅಂತ ನಿಮಗೆ ನೀವೇ ಹೇಳಿಕೊಂಡು ಮಾತ್ರ ಸೇರಬೇಡಿ. ಸೇರುವ ಮುಂಚೆ ಎಚ್‌ಆರ್ ಹತ್ತಿರ ಸಸ್ಟೈನಬಿಲಿಟಿ ವರದಿ ಕೇಳಬೇಡಿ, ಅದು ಎಲ್ಲರ ಹತ್ತಿರವೂ ಫಳಫಳ ಹೊಳೆಯುತ್ತಿರುತ್ತದೆ. ಯಾವ ಯಾವ ಸಂಘಕ್ಕೆ ಚಂದಾ ಕಟ್ಟುತ್ತಾರೆ, ನಿಲುವು ಹೊಂದದಿದ್ದಾಗ ಯಾವುದಾದರೂ ಸಂಘ ಬಿಟ್ಟು ಬಂದಿದ್ದಾರಾ ಅಂತ ಕೇಳಿ. ಫ್ರಾನ್ಸ್‌ನ ಟೋಟಲ್ 2021ರಲ್ಲಿ ಎಪಿಐ ಬಿಟ್ಟಿತು, ಬಿಡೋಕೆ ಆಗಲ್ಲ ಅಂತೇನಿಲ್ಲ. ಸೇರಿದ ಮೇಲೆ ಯಾರಾದರೂ ವರ್ಸ್ಟ್ ಕೇಸ್ ಕೇಳಿದರೆ, ಅಂಕಿ ಇರುವ ಅದೇ ಚೌಕದ ಪಕ್ಕದಲ್ಲಿ ಊಹೆಯನ್ನೂ ಬರೆಯಿರಿ. ಕತ್ತರಿಸಿದರೆ ಎರಡೂ ಒಟ್ಟಿಗೇ ಹೋಗಬೇಕು, ಹಾಗೆ ಬರೆಯಿರಿ.

ಇನ್ನೊಂದು ದಾರಿ ನೀವು ಯೋಚನೆ ಮಾಡಿದ ಹಾಗೆ ಕಾಣಲಿಲ್ಲ. ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಗಾಳಿ ವಿದ್ಯುತ್ ತಯಾರಾಗುವುದು ಇದೇ ಟೆಕ್ಸಾಸ್‌ನಲ್ಲಿ. ನೀವು ರಿಫೈನರಿಗೆ ಕಲಿತ ಎಲ್‌ಪಿ ಮಾಡೆಲಿಂಗ್ ಗ್ರಿಡ್‌ಗೂ ಬೇಕು. ಯಾವ ಗಂಟೆಗೆ ಯಾವ ಘಟಕ ಓಡಿಸಬೇಕು ಅನ್ನುವುದೂ ಅದೇ ಲೆಕ್ಕ. ನಾನು ಈಗ ಮಾಡುತ್ತಿರುವುದು ಅದನ್ನೇ. ಸಂಬಳ ತೈಲದವರಿಗಿಂತ ಕಡಿಮೆ, ಅದನ್ನು ಮುಚ್ಚಿಡಲ್ಲ. ನಿಮ್ಮ ಆಫರ್‌ಗೆ ಉತ್ತರ ಕೊಡೋಕೆ ಇನ್ನೂ ಟೈಮ್ ಇದ್ದರೆ ರೆಸ್ಯೂಮೆ ಕಳಿಸಿ, ನೋಡಿ ಹೇಳುತ್ತೇನೆ.