ಸಂಗನಕಲ್ಲು ಗುಡ್ಡದ ಮೇಲೆ ಹಳೇ ಕೋಟೆ ಇತ್ತಾ? ಅಲ್ಲಿ ಏನೇನು ಸಿಕ್ಕಿದೆ?

ಕೋಟೆ ಇರೋದು ಬಳ್ಳಾರಿ ಊರೊಳಗಿನ ಗುಡ್ಡದ ಮೇಲೆ. ಅದು ಹೈದರಾಲಿ ಕಾಲದಲ್ಲಿ ಬಲಗೊಂಡಿದ್ದು, ಮೊನ್ನೆ ಮೊನ್ನೆಯದು. ನೀವು ಕೇಳ್ತಿರೋ, ಬಳ್ಳಾರಿ ಪಕ್ಕದ ಸಂಗನಕಲ್ಲು ಅದಕ್ಕಿಂತ ಮೂರು-ನಾಲ್ಕು ಸಾವಿರ ವರ್ಷ ಹಿಂದಿನದು. ಅಲ್ಲಿನ ಜನಕ್ಕೆ ಗುಡ್ಡವೇ ಊರು. ಹಿರೇಗುಡ್ಡ, ಸನ್ನರಾಚಮ್ಮನ ಗುಡ್ಡ, ಹೀಗೆ ಒಂದರ ಪಕ್ಕ ಒಂದು.

ಚಿನ್ನ, ವಿಗ್ರಹ ಅಂತ ಹುಡುಕಬೇಡಿ. ಅಲ್ಲಿ ಸಿಕ್ಕಿದ್ದೆಲ್ಲ ದುಡಿಮೆಯ ಸಾಮಾನು. ಕಲ್ಲಿನ ಕೊಡಲಿ, ಕೈಯಲ್ಲೇ ತಟ್ಟಿದ ಮಡಕೆಯ ಚೂರು, ದನದ ಮೂಳೆ, ಸುಟ್ಟು ಕಪ್ಪಾದ ಹುರುಳಿ, ಹೆಸರುಕಾಳು. ನಮ್ಮ ಮನೆ ಹುರುಳಿ ಸಾರಿಗೆ ಅಷ್ಟು ವಯಸ್ಸು ಅಂತ ಗೊತ್ತಾದಾಗ ನನಗೆ ನಗು ಬಂತು! ಜೊತೆಗೆ ಸಗಣಿ ಸುಟ್ಟ ಬೂದಿಯ ದಿಬ್ಬ. ಇಂಥದ್ದು ಕುಡತಿನಿ ಹತ್ತಿರವೂ ಇದೆ. ಹಂಪಿ ಕಡೆ ಅಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತಾರೆ.

ಆದರೆ ಹಿರೇಗುಡ್ಡದ ಅಸಲಿ ವಿಷಯ ಕೊಡಲಿ ಕಾರ್ಖಾನೆ. ಗುಡ್ಡದ ನಡುವೆ ಕರಿಕಲ್ಲಿನ ಪಟ್ಟಿ ಹಾದುಹೋಗಿದೆ. ಅಲ್ಲೇ ಕಲ್ಲು ಒಡೆದು, ಕೆತ್ತಿ, ಬಂಡೆ ಮೇಲೆ ಉಜ್ಜಿ ನುಣುಪು ಮಾಡ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲೇ ತಗ್ಗು ಬಿದ್ದಿದೆ. ಬೆರಳು ಆಡಿಸಿ ನೋಡಿ, ಅಜ್ಜಿಯ ಒರಳಿನ ಒಳಗೆ ಕೈ ಇಟ್ಟ ಹಾಗೇ ಇರುತ್ತೆ. ಸುತ್ತ ಬಿದ್ದಿರೋ ಚಕ್ಕೆಗಳನ್ನು ಸುಮ್ನೆ ಜಲ್ಲಿ ಅಂದುಕೊಂಡು ತುಳಿದುಕೊಂಡು ಹೋಗಿಬಿಡ್ತೀವಿ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ಅದೇ ಕರಿಕಲ್ಲಿನ ಮೇಲೆ ಉದ್ದ ಕೊಂಬಿನ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಏಪ್ರಿಲ್ ಮಧ್ಯಾಹ್ನ ಹೋಗಿ ಏನೂ ಕಾಣದೆ ಬೈದುಕೊಂಡು ಇಳಿದಿದ್ದೆ. ಬೆಳಗಿನ ಓರೆ ಬಿಸಿಲಲ್ಲಿ ಹೋದಾಗ ಎತ್ತುಗಳು ಎದ್ದು ನಿಂತ ಹಾಗೆ ಕಂಡವು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆ ಥರ ಟಣ್ ಅನ್ನುತ್ತವೆ. ಆಗಿನವರೂ ತಟ್ಟಿದ್ದಾರೆ, ಸವೆದ ಗುರುತು ಇದೆ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲೇ ಈ ಜಾಗವನ್ನು ಗುರುತಿಸಿದ್ದ. 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಅಗೆಸಿದರು. ಈ ನಡುವೆ ಕಲ್ಲು ಕ್ವಾರಿಯವರು ಗುಡ್ಡದ ಒಂದಷ್ಟು ಭಾಗ ತಿಂದಾಗಿದೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಹತ್ತೋಕೆ ಮೊದಲು ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ನೋಡಿಕೊಳ್ಳಿ. ಆಮೇಲೆ ಚಕ್ಕೆಗೂ ಜಲ್ಲಿಗೂ ವ್ಯತ್ಯಾಸ ತಿಳಿಯುತ್ತೆ. ಮತ್ತೆ, ಜೇಬಿಗೆ ಏನೂ ಹಾಕ್ಕೋಬೇಡಿ. ನಮ್ಮ ಗೆಳೆಯನೊಬ್ಬ ನಾಲ್ಕು ಚಕ್ಕೆ ತಂದಿದ್ದ. ಮರುವಾರ ಅವನನ್ನೇ ಗುಡ್ಡ ಹತ್ತಿಸಿ ವಾಪಸ್ ಹಾಕಿಸಿದೆವು.