ಇಂಜೆಕ್ಷನ್ ಕಾರ್ಡ್ ಕಳೆದೋದ್ರೆ?

ಪ್ರಶ್ನೆ: ನಮ್ಮನೆ ನಾಯಿಗೆ 3 ವರ್ಷ, ಮರಿ ಇದ್ದಾಗ ಇಂಜೆಕ್ಷನ್ ಹಾಕ್ಸಿದ್ವಿ ಆದ್ರೆ ಕಾರ್ಡ್ ಕಳೆದೋಗಿದೆ. ಪಕ್ಕದ್ಮನೆ ಮರಿ ಪಾರ್ವೋ (ವಾಂತಿ, ರಕ್ತಭೇದಿ ತರೋ ವೈರಸ್ ಕಾಯಿಲೆ) ಬಂದು ಸತ್ತೋಯ್ತು, ಭಯ ಆಗ್ತಿದೆ ಸರ್. ಆಂಟಿಬಾಡಿ (ರೋಗದ ವಿರುದ್ಧ ಹೋರಾಡೋಕೆ ರಕ್ತದಲ್ಲಿರೋ ಅಂಶ) ಕಿಟ್ ಟೆಸ್ಟ್ ಮಾಡಿಸ್ಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಾಡಿಸ್ಬಹುದು. ಒಂಚೂರು ರಕ್ತ ಸಾಕು, ಅರ್ಧ ಗಂಟೆ ಒಳಗೆ ಪಾರ್ವೋ, ಡಿಸ್ಟೆಂಪರ್, ಅಡಿನೋವೈರಸ್ ಅನ್ನೋ ನಾಯಿಗಳ ಮೂರು ವೈರಸ್ ಕಾಯಿಲೆಗೂ ಆಂಟಿಬಾಡಿ ಇದ್ಯೋ ಇಲ್ವೋ ಗೊತ್ತಾಗತ್ತೆ, ದೊಡ್ಡ ನಾಯಿಗೆ ಪಾಸಿಟಿವ್ ಬಂದ್ರೆ ಅದು ಒಳ್ಳೇ ಸುದ್ದಿನೇ (ಕೊರೋನಾ ಟೆಸ್ಟ್ ನೋಡಿ ನೋಡಿ ಪಾಸಿಟಿವ್ ಅಂದ್ರೆ ಬೆಚ್ಚಿಬೀಳ್ತೀವಲ್ಲ!), ನೆಗೆಟಿವ್ ಬಂದ್ರೆ ಮತ್ತೆ ಲಸಿಕೆ ಹಾಕ್ಸಿ. ಕಿಟ್ ಸಿಗದಿದ್ರೆ ಸೀದಾ ಲಸಿಕೆನೇ ಹಾಕ್ಸಿಬಿಡಿ, ಎರಡನೇ ಸಲ ಆದ್ರೂ ಸಾಮಾನ್ಯವಾಗಿ ತೊಂದ್ರೆ ಇಲ್ಲ.

ಮರಿಗಳ ಕಥೆ ಬೇರೆ, ತಾಯಿ ಹಾಲಿಂದ ಬಂದ ಆಂಟಿಬಾಡಿನೂ ಪಾಸಿಟಿವ್ ತೋರ್ಸತ್ತೆ, ಅದು ಕೆಲವು ವಾರದಲ್ಲಿ ಇಳಿದೋಗತ್ತೆ, ಅದಕ್ಕೇ 16 ವಾರ ಆಗೋವರೆಗೂ ಡೋಸ್ ತಪ್ಪಿಸ್ಬೇಡಿ. ವಾಂತಿ, ರಕ್ತಭೇದಿ ಶುರುವಾಗಿದ್ರೆ ಈ ಕಿಟ್ ಉಪಯೋಗಕ್ಕಿಲ್ಲ, ಆಗ ಬೇಕಾಗಿರೋದು ಮಲದಲ್ಲಿ ವೈರಸ್ ಹುಡುಕೋ ಆಂಟಿಜೆನ್ ಟೆಸ್ಟ್, ಕಾಯದೆ ಡಾಕ್ಟ್ರ ಹತ್ರ ಓಡಿ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ರೇಬಿಸ್ ಇಂಜೆಕ್ಷನ್ ಮಾತ್ರ ಟೆಸ್ಟ್ ನೆಪದಲ್ಲಿ ಬಿಡೋ ಹಾಗಿಲ್ಲ. ಇಲಿಜ್ವರದ್ದೂ ಅಷ್ಟೇ, ನಮ್ ಮಳೆಗಾಲದಲ್ಲಿ ಗದ್ದೆ ನೀರು ಕುಡಿಯೋ ನಾಯಿಗಂತೂ ವರ್ಷವರ್ಷ ಬೇಕೇ ಬೇಕು.