ಹಂಡೆಯ ಋಣ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆಗೆ ಅರವತ್ತು ದಾಟಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಹೆಮ್ಮೆತ್ತಾಳು ಭಾಗದ ಗುಡ್ಡಗಳು ಮಳೆನೀರು ಕುಡಿದು ಜಾರಿದಾಗ ಮನೆಯನ್ನೂ ಅರ್ಧ ತೋಟವನ್ನೂ ಕಳೆದುಕೊಂಡು, ಪುನರ್ವಸತಿ ಬಡಾವಣೆಯೊಂದರಲ್ಲಿ ನೆಲೆಸಿದ್ದರು. ಮೈಸೂರಿನಲ್ಲಿರುವ ಮಗ ಮುಂದಿನ ಮಳೆಗಾಲಕ್ಕೆ ಮುಂಚೆ ತಾಯಿಯನ್ನು ಕರೆದೊಯ್ಯಲು ಬಯಸಿದ್ದ, ಆಕೆಯೂ ಒಪ್ಪಿದ್ದರು. ಆದರೂ ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿರಲಿಲ್ಲ, ಮದುವೆ ಮನೆಗಾಗಲಿ ಸಾವಿನ ಮನೆಗಾಗಲಿ ಹೋಗುತ್ತಿರಲಿಲ್ಲ. "ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೊರಟುಬಿಡುತ್ತೇನೆ" ಎಂದರು. ಏಕೆಂದು ಕೇಳಿದಾಗ ಬಂದ ಉತ್ತರ ಇದು: "ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು. ಬರುವುದಿಲ್ಲ ಅಂತ ಗೊತ್ತಿದ್ದೂ ಹಾಗೆ ಹೇಗೆ ಹೇಳಲಿ?"

ಮಳೆಯ ಸದ್ದಿಗೆ ಬೆಚ್ಚುವುದು, ಊಟ ಸೇರದಿರುವುದು, ಬದುಕು ಬೇಡವೆನಿಸುವುದು ಇವೆಯೇ ಎಂದು ಮೊದಲು ವಿಚಾರಿಸಿದೆ. ಮೊದಲನೆಯದು ಮಾತ್ರ ಇತ್ತು, ಅದೂ ಕಡಿಮೆಯಾಗುತ್ತಿತ್ತು. ಉಳಿದೆರಡು ಎಂದಾದರೂ ಕಾಣಿಸಿಕೊಂಡರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದೆಂದೂ ತಿಳಿಸಿದೆ.

ಮೊದಲ ಭೇಟಿಯಲ್ಲಿ ನಾನು ತಪ್ಪಿದೆ. ಊರಿಗೊಂದು ಪತ್ರ ಬರೆಯಿರಿ ಎಂದಿದ್ದೆ. ಮುಂದಿನ ವಾರ ಖಾಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಬಂದರು. ಹತ್ತೊಂಬತ್ತು ವರ್ಷ ಮಹಿಳಾ ಸಂಘದ ಲೆಕ್ಕ ಬರೆದ ಕೈ ಅದು, ಪತ್ರ ಬರೆಯುವ ಕೈಯಲ್ಲ. ಹಾಗಾದರೆ ಲೆಕ್ಕವನ್ನೇ ಬರೆಯಿರಿ, ಯಾರಿಗೆ ಏನು ಬಾಕಿಯಿದೆ ಎಂದು, ಅಂದೆ. ಕೂಡಲೇ ಪೆನ್ನು ಕೇಳಿದರು. ಮೊದಲ ಸಾಲಿನಲ್ಲೇ ಇತ್ತು ತಾಮ್ರದ ಹಂಡೆ.

ಮಗಳ ಮದುವೆಗೆಂದು ನೆರೆಮನೆಯಿಂದ ತಂದಿದ್ದ ಆ ಹಂಡೆಯನ್ನು ಹಿಂದಿರುಗಿಸುವ ಮುನ್ನವೇ ಗುಡ್ಡ ಮನೆಯ ಸಮೇತ ಅದನ್ನು ಹೊತ್ತೊಯ್ದಿತ್ತು. ನೆರೆಯಾಕೆಗೆ ಬೇರೊಂದು ಬಡಾವಣೆಯಲ್ಲಿ ಮನೆ ಸಿಕ್ಕಿತ್ತು, ಮತ್ತು ಅಂದಿನಿಂದ ಇಬ್ಬರೂ ಮುಖಾಮುಖಿ ಆಗಿರಲೇ ಇಲ್ಲ. ಊರನ್ನು ಬಿಡುವ ಸಂಕಟವೆಂದು ನಾನು ಎಣಿಸಿದ್ದುದರಲ್ಲಿ ಬಹುಪಾಲು ತೀರಿಸದ ಋಣದ ಸಂಕೋಚವೇ ಆಗಿತ್ತು. ಕೊಡಗಿನಂಥ ಕಡೆ, ಕೊಯ್ಲಿಗೂ ಹೆಣ ಎತ್ತುವುದಕ್ಕೂ ಅಕ್ಕಪಕ್ಕದ ಮನೆಯವರೇ ಆಗಬೇಕಾದಲ್ಲಿ, ಇಂಥ ಬಾಕಿ ಹಂಡೆಯ ಬೆಲೆಗೆ ನಿಲ್ಲುವುದಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಬೀಳ್ಕೊಡುಗೆ ಸಭೆ ಬೇಡ, ಶಾಲು ಹೊದೆಸಿಕೊಂಡವರಿಗೆ ಮಾತನಾಡಲು ಬಿಡುವು ಸಿಗುವುದಿಲ್ಲ. ಒಂದು ದಿನಕ್ಕೆ ಒಂದೇ ಮನೆಗೆ, ಮುಜುಗರ ಹೆಚ್ಚಿರುವ ಮನೆಗೆ ಮೊದಲು ಹೋಗಬೇಕು. ಸಂಘದ ಪುಸ್ತಕವನ್ನು ಎಲ್ಲರೆದುರು ಓದಿ ಒಪ್ಪಿಸಬೇಕು. ಮನೆಯಿದ್ದ ಜಾಗಕ್ಕೆ ಮಳೆಗೆ ಮುನ್ನ, ಹಗಲಲ್ಲಿ, ಮಗನ ಜೊತೆಗೆ ಮಾತ್ರ ಹೋಗಬೇಕು. "ಹೋಗಿ ಬರುತ್ತೇನೆ" ಎಂಬ ಮಾತು ನಾಲಿಗೆಗೆ ಬರದಿದ್ದರೆ, ನಿಜವಾಗಿ ಬರಬಲ್ಲ ಒಂದು ದಿನದ ಹೆಸರು ಹೇಳಬೇಕು.

ನೆರೆಯಾಕೆ ಹಂಡೆಯನ್ನು ಮರೆತಿರಲಿಲ್ಲ. "ಅದು ನನ್ನ ತವರಿನದು" ಎಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರಂತೆ. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಎದ್ದು ಹೋಗಿ ಬೆಲ್ಲದ ಕಾಫಿ ಮಾಡಿ ತಂದು, ಲೋಟವನ್ನು ಕೈಗೇ ಕೊಟ್ಟರಂತೆ. ಅದನ್ನು ನನಗೆ ಹೇಳುವಾಗಲೂ ಆಕೆ ಎರಡು ಅಂಗೈಗಳನ್ನು ಲೋಟ ಹಿಡಿದಂತೆಯೇ ಇಟ್ಟುಕೊಂಡಿದ್ದರು.

ಹಳೆಯ ಮನೆಯ ಜಾಗದಲ್ಲಿ ಗುರುತಿಗೆ ಸಿಕ್ಕಿದ್ದು ಒಂದು ಹಲಸಿನ ಮರ ಮಾತ್ರ. ಅಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ.

ಮೇ ಕೊನೆಯಲ್ಲಿ ಆಕೆ ಹೊರಟದ್ದು ಮೊದಲ ಬಸ್ಸಿಗಲ್ಲ, ಹತ್ತು ಗಂಟೆಯ ಬಸ್ಸಿಗೆ. ಕೊಡಗಿನ ಸುಗ್ಗಿ ಹಬ್ಬದ ಹೆಸರು ಹಿಡಿದು, ಎಲ್ಲರಿಗೂ "ಹುತ್ತರಿಗೆ ಬರುತ್ತೇನೆ" ಎಂದಷ್ಟೇ ಹೇಳಿದರು. ಆ ವರ್ಷದ ಹುತ್ತರಿಗೆ ಬಂದು, ಕದಿರು ತೆಗೆಯುವ ರಾತ್ರಿ ಗದ್ದೆಯ ಬದುವಿನಲ್ಲಿ ನಿಂತು, ಸಮೃದ್ಧಿ ಕೋರಿ "ಪೊಲಿ ಪೊಲಿ ದೇವಾ" ಎಂದು ಕೂಗಿದರು. ಮರುವರ್ಷ ಮಂಡಿನೋವಿನಿಂದ ಬರಲಾಗಲಿಲ್ಲ. ಸಂಘದ ಲೆಕ್ಕ ತಾಳೆಯಾಗದಿದ್ದಾಗ ಈಗಲೂ ಮೈಸೂರಿಗೆ ಫೋನ್ ಹೋಗುತ್ತದೆ. ಕಳೆದ ಬಾರಿ ತಪ್ಪಿದ್ದದ್ದು ನಲವತ್ತು ರೂಪಾಯಿ, ಹುಡುಕಿಕೊಟ್ಟರಂತೆ.